ತಟ್ಟೆಗೂ ಬೆರಳಿಗೂ ನಡುವಿನ ಎರಡು ಗಂಟೆ

ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಇಡೀ ದಿನ ಅಕ್ಷರ ನೋಡುವ ಕೆಲಸ ನನ್ನದು. ಆ ಅಕ್ಷರಗಳು ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಕಾಣತೊಡಗಿದ್ದವು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಲೆನ್ಸುಗಳನ್ನು ಬದಲಿಸಿ ಬದಲಿಸಿ ಓದಿಸಿದರು. ಆಮೇಲೆ ಪಕ್ಕಕ್ಕೆ ಸರಿದು ಕೂತು, "ರಾತ್ರಿ ಎಷ್ಟು ಸಲ ಏಳ್ತೀರಿ?" ಅಂತ ಕೇಳಿದರು. ಮೂರು ಸಲ ಅಂದೆ. "ಬಾಯಾರಿಕೆ?" ತಲೆದಿಂಬಿನ ಪಕ್ಕ ನೀರಿನ ಬಾಟಲಿ ಇಟ್ಟುಕೊಂಡು ಮಲಗುವುದು ಯಾವಾಗ ಅಭ್ಯಾಸವಾಯಿತೋ ನನಗೇ ನೆನಪಿರಲಿಲ್ಲ. "ಕನ್ನಡಕ ಆಮೇಲೆ ನೋಡೋಣ, ಮೊದಲು ಶುಗರ್ ಚೆಕ್ ಮಾಡಿಸಿ" ಅಂದರು.

ಫಾಸ್ಟಿಂಗ್ 188, ಎಚ್‌ಬಿಎ1ಸಿ 9.4. ಆಗ ನನಗೆ 49 ವರ್ಷ. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ, ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ ಅಂತ ಲೆಕ್ಕ. ನಾನು ಎರಡನ್ನೂ ಯಾವತ್ತೋ ದಾಟಿ ಬಹಳ ದೂರ ಬಂದಿದ್ದೆ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ, ಅಷ್ಟೂ ದಿನ ಅವುಗಳಿಗೆ ಸಕ್ಕರೆ ಅಂಟಿಕೊಳ್ಳುತ್ತಾ ಹೋಗುತ್ತದೆ, ಆ ಅಂಟಿನ ಪ್ರಮಾಣವೇ ಎಚ್‌ಬಿಎ1ಸಿ ಅಂತ ಶುಗರಿನ ಡಾಕ್ಟರು ಬಿಡಿಸಿ ಹೇಳಿದರು. 9.4 ಅಂದರೆ ಎರಡು ಮೂರು ತಿಂಗಳಿಂದ ನನ್ನ ರಕ್ತದ ಸರಾಸರಿ ಸಕ್ಕರೆ 220ರ ಮೇಲೆಯೇ ಇತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡಗಳು ತಡೆದಿಟ್ಟುಕೊಳ್ಳಲಾರದೆ ಹೊರಗೆ ಬಿಡುತ್ತವೆ, ಅದು ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ರಾತ್ರಿಯ ಮೂರು ಎಚ್ಚರಗಳಿಗೂ ತಲೆದಿಂಬಿನ ಬಾಟಲಿಗೂ ಕಾರಣ ಅಲ್ಲಿತ್ತು.

ಎರಡು ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಎರಡು ಹೊತ್ತು ಮೆಟ್‌ಫಾರ್ಮಿನ್, ಬೆಳಗಿನ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್. ಜೊತೆಗೆ ಒಂದು ಮುದ್ರಿತ ಹಾಳೆ. ಸಕ್ಕರೆ, ಬೆಲ್ಲ, ಸಿಹಿತಿಂಡಿ, ತಂಪು ಪಾನೀಯ ಬೇಡ, ಉಳಿದದ್ದೆಲ್ಲ ಮಿತವಾಗಿ ಅಂತ ಅದರಲ್ಲಿತ್ತು. ನಾನು ಆ ಹಾಳೆಯನ್ನು ಅಕ್ಷರಶಃ ಪಾಲಿಸಿದೆ. ಕಾಫಿಗೆ ಸಕ್ಕರೆ ಹಾಕುವುದನ್ನು ಅವತ್ತೇ ಬಿಟ್ಟೆ, ಸಿಹಿ ಮುಟ್ಟಲಿಲ್ಲ. ಆರು ವಾರ ಕಳೆದು ನೋಡಿಸಿದರೆ ಊಟವಾದ ಮೇಲಿನ ಶುಗರ್ 240ರ ಆಸುಪಾಸಿನಲ್ಲೇ ಇತ್ತು. ಅಳು ಬಂದುಬಿಟ್ಟಿತ್ತು. ಹೇಳಿದ್ದನ್ನೆಲ್ಲ ಮಾಡಿದ ಮೇಲೂ ಆಗಲಿಲ್ಲ ಅಂದರೆ ಇನ್ನೇನು ಮಾಡುವುದು?

ಬೆರಳಿನ ಒಂದು ಹನಿ ರಕ್ತದಲ್ಲಿ ಶುಗರ್ ಅಳೆಯುವ ಗ್ಲೂಕೋಮೀಟರ್ ತಂದದ್ದು ಆವಾಗ. ಅಡುಗೆಮನೆಯ ಪುಟ್ಟ ತಕ್ಕಡಿ ಮೊದಲೇ ಇತ್ತು. ಇವೆರಡೇ ನನ್ನ ಗುರುಗಳು ಅಂತ ಈಗಲೂ ಹೇಳುತ್ತೇನೆ.

ಮೊದಲ ಪ್ರಯೋಗ ಒಂದು ಭಾನುವಾರ ಮಧ್ಯಾಹ್ನ. ದಿನಾ ಬಡಿಸಿಕೊಳ್ಳುವಷ್ಟೇ ಅನ್ನ ಬಡಿಸಿಕೊಂಡು, ತಟ್ಟೆಯ ತೂಕ ಕಳೆದು ನೋಡಿದೆ. 310 ಗ್ರಾಂ ಇತ್ತು. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆಯಂಥವುಗಳ ಒಟ್ಟು ಹೆಸರು). ಅಂದರೆ ನನ್ನ ತಟ್ಟೆಯಲ್ಲಿ 87 ಗ್ರಾಂ. ಪಿಷ್ಟ ಅನ್ನುವುದು ಗ್ಲೂಕೋಸಿನ ಉದ್ದನೆಯ ಸರ. ಬಾಯಲ್ಲಿ ಸಿಹಿ ಅನ್ನಿಸುವುದಿಲ್ಲ, ಆದರೆ ಕರುಳಿನಲ್ಲಿ ಆ ಸರ ಬಿಚ್ಚಿಕೊಂಡು ಗ್ಲೂಕೋಸಾಗಿಯೇ ರಕ್ತಕ್ಕೆ ಇಳಿಯುತ್ತದೆ. ನಾನು ಕಾಫಿಯಿಂದ ತೆಗೆದುಹಾಕಿದ್ದು ದಿನಕ್ಕೆ ನಾಲ್ಕು ಚಮಚ ಸಕ್ಕರೆ. ಈ ಒಂದು ತಟ್ಟೆಯಲ್ಲಿದ್ದದ್ದು ಇಪ್ಪತ್ತು ಚಮಚಕ್ಕೂ ಮಿಗಿಲಾದ ಕಾರ್ಬೋಹೈಡ್ರೇಟ್.

ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಂಡೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಒಮ್ಮೆ ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡು ಇಲ್ಲದ ಶುಗರ್ ನೋಡಿ ಗಾಬರಿಯಾಗಿದ್ದೆ. ಬೆರಳಿನ ನಡುಭಾಗಕ್ಕಿಂತ ಪಕ್ಕದ ಅಂಚಿನಲ್ಲಿ ಚುಚ್ಚಿದರೆ ನೋವು ಕಡಿಮೆ. ಊಟಕ್ಕೆ ಮುಂಚೆ 141, ಒಂದು ಗಂಟೆಗೆ 268, ಎರಡು ಗಂಟೆಗೆ 247. ಮಾರನೆಯ ದಿನ ಅದೇ ಹೊತ್ತಿಗೆ ಎರಡು ಮೊಟ್ಟೆ, ಎಣ್ಣೆಯಲ್ಲಿ ಬಾಡಿಸಿದ ಎಲೆಕೋಸು ಮತ್ತು ಬೀನ್ಸ್, ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಹಿಡಿ ಬಾದಾಮಿ. ಊಟಕ್ಕೆ ಮುಂಚೆ 144. ಎರಡು ಗಂಟೆಗೆ 152.

ಆ 152ನ್ನು ನಾನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ. ಯಂತ್ರ ತಪ್ಪಿರಬಹುದು ಅಂತ ಇನ್ನೊಂದು ಬೆರಳಿಗೆ ಚುಚ್ಚಿಕೊಂಡೆ. 149. ಮೀಟರುಗಳು ಶೇಕಡ 15ರಷ್ಟು ಆಚೀಚೆ ತೋರಿಸುವುದು ಸಹಜ, ಆದರೆ 247ಕ್ಕೂ 152ಕ್ಕೂ ನಡುವಿನ ಅಂತರಕ್ಕೆ ಯಂತ್ರದ ತಪ್ಪು ಕಾರಣವಾಗಲಾರದು. ಅದೇ ದೇಹ, ಅದೇ ಮಾತ್ರೆ, ಬದಲಾದದ್ದು ತಟ್ಟೆ ಮಾತ್ರ.

ಅಲ್ಲಿಂದ ಒಂದು ನೋಟ್‌ಬುಕ್ ಶುರುವಾಯಿತು. ಎಡಗಡೆ ತಿಂದದ್ದು, ಬಲಗಡೆ ಎರಡು ಗಂಟೆಯ ನಂತರದ ಅಂಕಿ. ಎರಡು ತುಂಡು ಬ್ರೆಡ್ಡಿಗೆ ಇಷ್ಟು, ಒಂದು ಆಲೂಗಡ್ಡೆಗೆ ಇಷ್ಟು, ಒಂದು ಲೋಟ ಹಾಲಿಗೆ ಇಷ್ಟು. ನನಗೆ ಅತಿ ಹೆಚ್ಚು ಕೋಪ ಬಂದದ್ದು ಪೊಟ್ಟಣದ ಮೇಲೆ ದೊಡ್ಡದಾಗಿ ಶುಗರ್ ಫ್ರೀ ಅಂತ ಬರೆದಿದ್ದ ಬಿಸ್ಕತ್ತಿನ ಮೇಲೆ. ನಾಲ್ಕು ಬಿಸ್ಕತ್ತಿಗೆ ಶುಗರ್ 60ರಷ್ಟು ಏರಿತು. ಪೊಟ್ಟಣ ತಿರುಗಿಸಿ ನೋಡಿದರೆ ಸಕ್ಕರೆ ಸೊನ್ನೆಗೆ ಹತ್ತಿರ, ಆದರೆ ಒಟ್ಟು ಕಾರ್ಬೋಹೈಡ್ರೇಟ್ ಅನ್ನುವ ಸಾಲಿನಲ್ಲಿ 100 ಗ್ರಾಂಗೆ 65. ಹಿಟ್ಟು ಹಿಟ್ಟೇ ತಾನೆ? ಅಂದಿನಿಂದ ಯಾವ ಪೊಟ್ಟಣ ಕೈಗೆ ಬಂದರೂ ಮುಂಭಾಗ ಓದುವುದಿಲ್ಲ, ಹಿಂದಿನ ಆ ಒಂದು ಸಾಲು ಹುಡುಕುತ್ತೇನೆ.

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇದ್ದರೆ ಅದನ್ನು ಲೋ ಕಾರ್ಬ್ ಅನ್ನುತ್ತಾರೆ, 20ರಿಂದ 50ಕ್ಕೆ ಇಳಿಸಿದರೆ ಅದು ಕೀಟೋ. ಮೊದಲಿನ ನನ್ನ ಲೆಕ್ಕ ತೆಗೆದರೆ ದಿನಕ್ಕೆ 300ರ ಹತ್ತಿರ ಇತ್ತು. ಒಂದೇ ಸಲಕ್ಕೆ 60ಕ್ಕೆ ಇಳಿಸಿಬಿಟ್ಟೆ. ಆ ಹುಮ್ಮಸ್ಸಿನಲ್ಲಿ ಮಾಡಬಾರದ ತಪ್ಪೊಂದನ್ನು ಮಾಡಿದೆ. ಡಾಕ್ಟರಿಗೆ ಹೇಳಲಿಲ್ಲ.

ಮೊದಲ ನಾಲ್ಕು ದಿನ ತಲೆನೋವು, ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ತೂಕ ಮಾತ್ರ ಎರಡೂವರೆ ಕಿಲೋ ಇಳಿದಿತ್ತು. ಕೊಬ್ಬು ಕರಗಿತು ಅಂತ ಹಿಗ್ಗಿದೆ, ಅದು ಬಹುಪಾಲು ನೀರು ಅಂತ ತಿಳಿದದ್ದು ಆಮೇಲೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ತನ್ನ ತೂಕದ ಮೂರು ಪಟ್ಟು ನೀರು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ಆ ನೀರೂ ಹೋಗುತ್ತದೆ, ಇನ್ಸುಲಿನ್ ಮಟ್ಟ ಇಳಿದಾಗ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತವೆ. ನನಗೆ ಬಿಪಿ ಇರಲಿಲ್ಲ, ಹಾಗಾಗಿ ಉಪ್ಪು ಹಾಕಿದ ತರಕಾರಿ ಸಾರು ದಿನಕ್ಕೆರಡು ಬಟ್ಟಲು ಕುಡಿದು ಸುಧಾರಿಸಿಕೊಂಡೆ. ಬಿಪಿ ಮಾತ್ರೆ ನುಂಗುವವರಿಗೆ ಇದೇ ಹೊತ್ತಿನಲ್ಲಿ ಬಿಪಿ ತೀರಾ ಇಳಿದು ತಲೆಸುತ್ತು ಬರಬಹುದು, ಅವರು ಸುಮ್ಮನೆ ಸಾರು ಕುಡಿದು ಕೂರುವ ಹಾಗಿಲ್ಲ.

ಒಂಬತ್ತನೇ ದಿನ. ಬೆಳಿಗ್ಗೆ ಎಂದಿನಂತೆ ಎರಡೂ ಮಾತ್ರೆ ನುಂಗಿ, ಮೊಟ್ಟೆ ತಿಂದು ಕೆಲಸಕ್ಕೆ ಕೂತಿದ್ದೆ. ಹನ್ನೊಂದೂವರೆಯ ಹೊತ್ತಿಗೆ ಎದುರಿನ ಸಾಲನ್ನು ಮೂರು ಸಲ ಓದಿದರೂ ಅರ್ಥವಾಗಲಿಲ್ಲ. ಪದಗಳು ಕಾಣುತ್ತಿದ್ದವು, ಒಂದಕ್ಕೊಂದು ಸೇರುತ್ತಿರಲಿಲ್ಲ. ಆಮೇಲೆ ಕತ್ತಿನ ಹಿಂದೆ ತಣ್ಣನೆಯ ಬೆವರು. ಪೆನ್ನು ಹಿಡಿದ ಕೈ ನಡುಗುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ, ಬೇರೆ ಯಾರದೋ ಕೈ ನೋಡಿದ ಹಾಗೆ. ಎದೆ ಹೊಡೆದುಕೊಳ್ಳುತ್ತಿತ್ತು. ಮೀಟರ್ ಚೀಲದಲ್ಲೇ ಇತ್ತು, ಆದರೆ ಸ್ಟ್ರಿಪ್ಪನ್ನು ಆ ಸಣ್ಣ ಸೀಳಿಗೆ ತೂರಿಸಲು ನಾಲ್ಕು ಸಲ ಪ್ರಯತ್ನಿಸಬೇಕಾಯಿತು. 52.

ಪಕ್ಕದ ಮೇಜಿನ ಗೆಳತಿ ನನ್ನ ಮುಖ ನೋಡಿದವಳೇ ಮಾತಾಡದೆ ಹೋಗಿ ಒಂದು ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ ಕಲಸಿ ತಂದು ಬಾಯಿಗೆ ಹಿಡಿದಳು. ಅವಳ ತಂದೆಗೆ ಇನ್ಸುಲಿನ್ ಇತ್ತಂತೆ, ಈ ಬೆವರು ಅವಳಿಗೆ ಗೊತ್ತಿತ್ತು. ಹದಿನೈದು ನಿಮಿಷಕ್ಕೆ 71, ಇನ್ನೊಂದಿಷ್ಟು ಕುಡಿದ ಮೇಲೆ 94. ಸಂಜೆಯವರೆಗೂ ಮೈ ಹಿಂಡಿ ಹಾಕಿದ ಬಟ್ಟೆಯ ಹಾಗಿತ್ತು.

ಅವತ್ತೇ ಸಂಜೆ ಡಾಕ್ಟರ ಮುಂದೆ ನೋಟ್‌ಬುಕ್ ಬಿಚ್ಚಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪುಟ ತಿರುಗಿಸುತ್ತಾ ಎಲ್ಲವನ್ನೂ ಓದಿದರು. "ಆಹಾರ ಸರಿಯಾಗೇ ಕೆಲಸ ಮಾಡಿದೆ. ಮಾತ್ರೆ ಹಳೇ ತಟ್ಟೆಗೆ ಕೊಟ್ಟಿದ್ದು" ಅಂದರು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಯಲ್ಲಿ ಅನ್ನ ಇದೆಯೋ ಮೊಟ್ಟೆ ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಅಂದೇ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ಸುರಿಯುವ ಸಕ್ಕರೆಯನ್ನು ತಗ್ಗಿಸುವಂಥದ್ದು, ಒಂಟಿಯಾಗಿ ತೆಗೆದುಕೊಂಡರೆ ಶುಗರ್ ಲೋ ಮಾಡುವುದು ಅಪರೂಪ. ಅದು ಮುಂದುವರಿಯಿತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಾತ್ರೆ ಇದ್ದಿದ್ದರೆ ಕಥೆ ಇನ್ನೂ ಗಂಭೀರವಾಗುತ್ತಿತ್ತು ಅಂದರು. ಅವುಗಳ ಜೊತೆ ಕಾರ್ಬೋಹೈಡ್ರೇಟನ್ನು ತೀರಾ ಇಳಿಸಿದರೆ ಶುಗರ್ ಅಷ್ಟೇನೂ ಏರದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರುವ ಅಪಾಯ ಇದೆ. ಮೀಟರ್ ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಂಡು ಕೂತವರು ಐಸಿಯು ಸೇರಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡ ಸೋತವರು ಇದನ್ನು ತಾವೇ ಶುರು ಮಾಡಲೇಬಾರದು. ಈ ಒಂದು ಪ್ಯಾರಾಕ್ಕೋಸ್ಕರವೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಅಂದರೂ ತಪ್ಪಿಲ್ಲ. ಅಕ್ಕಪಕ್ಕದವರು "ಅನ್ನ ಬಿಟ್ಟೆ, ಶುಗರ್ ಇಳಿಯಿತು" ಅಂದಾಗ ನಾನು ಮೊದಲು ಕೇಳುವುದು, ಯಾವ ಮಾತ್ರೆ ತಗೋತಿದ್ದೀರಿ ಅಂತ.

ಮೂರನೇ ವಾರದಲ್ಲಿ ಕಣ್ಣು ಮತ್ತೆ ಮಸುಕಾಯಿತು. ಈ ಸಲ ಹತ್ತಿರದ ಅಕ್ಷರ. ಶುಗರ್ ಇಳಿಯುತ್ತಿದೆ, ಕಣ್ಣು ಮಾತ್ರ ಹಾಳಾಗುತ್ತಿದೆ ಅಂತ ಭಯಬಿದ್ದು ಅದೇ ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಶುಗರ್ ಹೆಚ್ಚಿದ್ದಾಗ ಕಣ್ಣಿನ ಮಸೂರ ನೀರು ಹೀರಿ ಉಬ್ಬಿರುತ್ತದೆ, ಈಗ ಅದು ತನ್ನ ಆಕಾರಕ್ಕೆ ಮರಳುತ್ತಿದೆ, ಕೆಲವು ವಾರ ಹೀಗೇ ಇರುತ್ತದೆ ಅಂದರು. ಕಣ್ಣಿಗೆ ಹನಿ ಹಾಕಿ ರೆಟಿನಾವನ್ನೂ ನೋಡಿದರು. ಮೊದಲೇ ರೆಟಿನಾ ಹಾಳಾಗಿದ್ದರೆ ಶುಗರ್ ಬೇಗ ಇಳಿಸಿದಾಗ ಅದು ಸ್ವಲ್ಪ ಕಾಲ ಹೆಚ್ಚಾಗುವುದೂ ಉಂಟಂತೆ. ನನ್ನದು ಸರಿ ಇತ್ತು. ಹೊಸ ಕನ್ನಡಕ ಮಾಡಿಸಿದ್ದು ಎರಡು ತಿಂಗಳ ನಂತರ, ಅದೇ ಕನ್ನಡಕದಲ್ಲಿ ಈಗ ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಶುಗರ್ ಬೇರೆಯೇ ಒಂದು ಹಠಮಾರಿ. ರಾತ್ರಿ ಮಲಗುವಾಗ 118, ಏನೂ ತಿಂದಿಲ್ಲ, ಬೆಳಿಗ್ಗೆ 139! ತಿನ್ನದೆಯೂ ಏರಿದರೆ ಯಾರಿಗೆ ತಾನೆ ಬೇಸರವಾಗುವುದಿಲ್ಲ? ನಸುಕಿನಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನುಗಳು ಏರಿ, ದಿನ ಶುರುವಾಗಲಿ ಅಂತ ಯಕೃತ್ತು ತಾನೇ ಸಕ್ಕರೆ ಬಿಡುತ್ತದೆ. ಊಟದ ನಂತರದ ಅಂಕಿಗಳು ಎರಡೇ ವಾರದಲ್ಲಿ ಮಾತು ಕೇಳಿದವು, ಫಾಸ್ಟಿಂಗ್ 120ರ ಕೆಳಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ರಾತ್ರಿಯೂಟವನ್ನು ಎಂಟರಿಂದ ಆರೂವರೆಗೆ ತಂದದ್ದು, ಊಟವಾದ ಮೇಲೆ ಹದಿನೈದು ನಿಮಿಷ ನಡೆದದ್ದು ನನಗೆ ಸಹಾಯ ಮಾಡಿತು. ನಡೆಯುವಾಗ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ಒಂದೇ ಊಟ ಮಾಡಿ ಒಂದು ದಿನ ಕೂತು, ಒಂದು ದಿನ ನಡೆದು ನೋಡಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ವ್ಯತ್ಯಾಸ 30ಕ್ಕೂ ಹೆಚ್ಚಿದೆ.

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.1. ಆರು ತಿಂಗಳಿಗೆ 6.2. ತೂಕ ಹನ್ನೊಂದು ಕಿಲೋ ಕಡಿಮೆ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 248ರಿಂದ 132ಕ್ಕೆ ಇಳಿದಿತ್ತು. ಆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದು) 118 ಇದ್ದದ್ದು 156 ಆಗಿತ್ತು. ಇದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಲೋ ಕಾರ್ಬ್ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ಸಾಲನ್ನು ನುಂಗಿಬಿಡುತ್ತಾರೆ. ಕೆಲವರಲ್ಲಿ ಎಲ್‌ಡಿಎಲ್ ಏರುತ್ತದೆ, ಮಧುಮೇಹ ಇರುವವರಿಗೆ ಹೃದಯದ ಅಪಾಯ ಮೊದಲೇ ಹೆಚ್ಚು. ನಾನು ಬೆಣ್ಣೆ, ಕೆನೆ, ಚೀಸ್ ಮೇಲೆ ತೀರಾ ಸಡಿಲ ಬಿಟ್ಟಿದ್ದೆ. ಅವನ್ನು ಹಿಡಿತಕ್ಕೆ ತಂದು ಕಾಳು, ಮೀನು, ಬೀಜ, ಎಣ್ಣೆ ಕಡೆ ವಾಲಿದೆ, ಸೊಪ್ಪು ತರಕಾರಿ ಎರಡು ಪಟ್ಟಾಯಿತು. ಕಾರ್ಬೋಹೈಡ್ರೇಟನ್ನು 60ರಿಂದ 90ಕ್ಕೆ ಏರಿಸಿದೆ, ಏರಿದ್ದೆಲ್ಲ ನಾರಿರುವ ಕಾಳಿನಿಂದ. ಎಲ್‌ಡಿಎಲ್ 121ಕ್ಕೆ ಬಂದರೂ ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಬೇಕು ಅಂದರು. ತೆಗೆದುಕೊಳ್ಳುತ್ತಿದ್ದೇನೆ. ಆಹಾರದಿಂದ ಆಗದ್ದನ್ನು ಮಾತ್ರೆಯಿಂದ ಮಾಡಿಸಿಕೊಂಡರೆ ಸೋತ ಹಾಗೆ ಅಂತ ನನಗೆ ಅನ್ನಿಸುವುದಿಲ್ಲ.

ಇದೇನೋ ಹೊಸ ಗೀಳು ಅನ್ನುವವರಿಗೆ ಒಂದು ಮಾತು. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ರೋಗಿಯೊಬ್ಬನಿಗೆ ಮೊದಲು ಚುಚ್ಚಿದ್ದು 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ. ಅದಕ್ಕೆ ಮುಂಚೆ ವೈದ್ಯರ ಕೈಯಲ್ಲಿ ಆಹಾರ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. 1870ರಲ್ಲಿ ಪ್ಯಾರಿಸ್‌ಗೆ ಮುತ್ತಿಗೆ ಬಿದ್ದು ಊಟಕ್ಕೆ ತತ್ವಾರವಾದಾಗ ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಬುಷಾರ್ಡಾ ಎಂಬ ಫ್ರೆಂಚ್ ವೈದ್ಯ ಗಮನಿಸಿದ್ದ. ದೇಹದಲ್ಲಿ ಇನ್ಸುಲಿನ್ ತಯಾರಿಯೇ ನಿಂತುಹೋಗುವ ಟೈಪ್ 1 ಮಧುಮೇಹದ ಮಕ್ಕಳನ್ನು ಆ ಕಾಲದ ಆಹಾರ ಉಳಿಸಲಿಲ್ಲ, ಉಳಿಸಿದ್ದು ಇನ್ಸುಲಿನ್. ಹಾಗಾಗಿ ಇನ್ಸುಲಿನ್ ಇದ್ದೂ ಸಾಲದಾಗುವ ನನ್ನ ಟೈಪ್ 2 ಕಥೆಯನ್ನು ನೋಡಿ ಯಾರೂ ಇನ್ಸುಲಿನ್ ಬಿಡಬಾರದು. ಇನ್ನು ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ 2019ರಲ್ಲಿ, ರಕ್ತದ ಸಕ್ಕರೆ ಸುಧಾರಿಸಲು ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದಕ್ಕೆ ಅತಿ ಹೆಚ್ಚು ಪುರಾವೆ ಇದೆ ಅಂತ ಒಪ್ಪಿಕೊಂಡಿತು. ನನ್ನ ಕೈಗೆ ಬಂದ ಆ ಮುದ್ರಿತ ಹಾಳೆಯಲ್ಲಿ ಅದರ ಒಂದು ಸಾಲಾದರೂ ಇದ್ದಿದ್ದರೆ ಆರು ವಾರ ಉಳಿಯುತ್ತಿತ್ತು.

ಕಷ್ಟ ಇದ್ದದ್ದು ಹಸಿವಿನಲ್ಲಿ ಅಲ್ಲವೇ ಅಲ್ಲ. ಮೊಟ್ಟೆ, ಮೊಸರು, ತರಕಾರಿ ಹೊಟ್ಟೆ ತುಂಬಾ ತಿಂದವರಿಗೆ ನಾಲ್ಕು ಗಂಟೆ ಹಸಿವಾಗುವುದಿಲ್ಲ. ಕಷ್ಟ ಇದ್ದದ್ದು ಜೊತೆಗೆ ಊಟಕ್ಕೆ ಕೂರುವಾಗ. ಎಲ್ಲರ ತಟ್ಟೆಗೂ ಬಡಿಸಿ ನನ್ನ ತಟ್ಟೆಯ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುವ ಸೌಟು. "ಒಂದಿನ ತಿಂದ್ರೆ ಏನೂ ಆಗಲ್ಲ" ಅನ್ನುವ ಅಕ್ಕರೆ. ಆ ಅಕ್ಕರೆಗೆ ಹೇಗೆ ಉತ್ತರ ಕೊಡುವುದು? ಕೊನೆಗೆ ನನ್ನ ಮಗಳು ಒಂದು ದಾರಿ ಮಾಡಿದಳು. ಮನೆಯಲ್ಲಿ ಎಲ್ಲರಿಗೂ ಮೊದಲು ತರಕಾರಿ, ಆಮೇಲೆ ಮೊಟ್ಟೆಯೋ ಕಾಳೋ, ಕೊನೆಗೆ ಅನ್ನ. ಆ ಕೊನೆಯ ಸುತ್ತಿನ ಹೊತ್ತಿಗೆ ನನ್ನ ಊಟ ಮುಗಿದಿರುತ್ತದೆ, ಬೇಡ ಅನ್ನುವ ಪ್ರಸಂಗವೇ ಬರುವುದಿಲ್ಲ. ಆ ಕ್ರಮದಲ್ಲಿ ತಿಂದರೆ ಶುಗರ್ ಅಷ್ಟು ಚೂಪಾಗಿ ಏರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ, ನನ್ನ ಸಂಕೋಚ ಮಾತ್ರ ಗೊತ್ತಿತ್ತು.

ಹತ್ತನೇ ತಿಂಗಳಲ್ಲಿ ಜಾರಿದೆ. ದೊಡ್ಡ ಕಾರಣವೇನೂ ಇಲ್ಲ. ಮನೆಯಲ್ಲೊಬ್ಬರಿಗೆ ಕಾಯಿಲೆ, ರಾತ್ರಿ ಎಚ್ಚರ, ಕೈಗೆ ಸಿಕ್ಕಿದ್ದು ಬ್ರೆಡ್ಡು. ಮೊದಲು ಅಳೆಯುವುದು ನಿಂತಿತು, ಆಮೇಲೆ ಬರೆಯುವುದು. ವರ್ಷ ತುಂಬಿದಾಗ ಎಚ್‌ಬಿಎ1ಸಿ 6.8. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬಂದ ಒಂದು ಅವಲೋಕನವೂ ಇದನ್ನೇ ಕಂಡಿತ್ತು. ಲೋ ಕಾರ್ಬ್‌ನಿಂದ ಆರು ತಿಂಗಳಿಗೆ ಕಾಣುವ ಲಾಭ ಹನ್ನೆರಡು ತಿಂಗಳ ಹೊತ್ತಿಗೆ ಬಹಳಷ್ಟು ಕರಗಿರುತ್ತದೆ. ಓದಿದಾಗ ಎದೆಗೆ ತಾಗಿತು, ನನ್ನ ನೋಟ್‌ಬುಕ್ಕಿನ ಖಾಲಿ ಪುಟಗಳನ್ನೇ ಯಾರೋ ಲೆಕ್ಕ ಹಾಕಿದಂತಿತ್ತು. ಮತ್ತೆ ಹಿಡಿದೆ. ಈ ಸಲ 60ರ ಹುಚ್ಚಿಗೆ ಹೋಗಲಿಲ್ಲ, ಬಹಳ ದಿನ ನಡೆಸಬಲ್ಲ 100ರ ಸುತ್ತ ನಿಂತೆ.

ಈಗ ಎರಡೂವರೆ ವರ್ಷ. ಕಳೆದ ಪರೀಕ್ಷೆಯಲ್ಲಿ 6.1. ಮೆಟ್‌ಫಾರ್ಮಿನ್ ಒಂದು ಹೊತ್ತು ಉಳಿದಿದೆ. ಮಾತ್ರೆ ಪೂರ್ತಿ ಬಿಟ್ಟು ಮೂರು ತಿಂಗಳಾದರೂ 6.5ರ ಕೆಳಗಿದ್ದರೆ ಅದನ್ನು ರೆಮಿಷನ್ ಅನ್ನುತ್ತಾರೆ. ನಾನು ಅಲ್ಲಿಗೆ ಹೋಗಿಲ್ಲ, ಹೋಗುತ್ತೇನೋ ಇಲ್ಲವೋ. ರಾತ್ರಿ ಎಚ್ಚರವಾಗುವುದು ನಿಂತಿದೆ, ತಲೆದಿಂಬಿನ ಪಕ್ಕ ಬಾಟಲಿ ಇಲ್ಲ.

ನಿನ್ನೆ ಮಧ್ಯಾಹ್ನ ಅನ್ನದ ಆಸೆಯಾಯಿತು. ತಕ್ಕಡಿಯ ಮೇಲೆ ತಟ್ಟೆ ಇಟ್ಟು ಸೊನ್ನೆ ಮಾಡಿ, 80 ಗ್ರಾಂ ಬಡಿಸಿಕೊಂಡೆ. ಮೊದಲು ಸೊಪ್ಪು ಮತ್ತು ಮೊಟ್ಟೆ ತಿಂದು, ಆಮೇಲೆ ಆ ಅನ್ನವನ್ನು ನಿಧಾನವಾಗಿ, ಅಗುಳು ಅಗುಳಾಗಿ ಅಗಿದು ತಿಂದೆ. ಮಗಳ ಜೊತೆ ಒಂದು ಸುತ್ತು ನಡೆದು ಬಂದೆ. ಎರಡು ಗಂಟೆಗೆ ಕೈ ತೊಳೆದು ಚುಚ್ಚಿಕೊಂಡೆ. 137. ಬಲಗಡೆಯ ಕಾಲಮ್ಮಿನಲ್ಲಿ ಬರೆದೆ.